‘ತಗದ್ ಒಗೀರಿ ಸರ, ಪಿಕಪ್ ಬರ್ತೈತಿ’

ಬೆಳಗಾವಿಯ ಖಾನಾಪುರ ರಸ್ತೆಯಲ್ಲಿ ಒಂದು ಗ್ಯಾರೇಜು. ರ‍್ಯಾಂಪ್ ಮೇಲೆ ಕೆಎ-22 ನಂಬರಿನ ಸಣ್ಣ ಪೆಟ್ರೋಲ್ ಕಾರು, ವಯಸ್ಸು ಹತ್ತು ದಾಟಿದೆ. ಕೆಳಗೆ ನಿಂತ ಮಿಸ್ತ್ರಿ ಸೈಲೆನ್ಸರ್ ಪೈಪಿನ ನಡುವೆ ಉಬ್ಬಿದ, ಹೊಗೆ ಶುದ್ಧ ಮಾಡುವ ಡಬ್ಬಿಗೆ ಪಾನಾದಿಂದ ಎರಡೇಟು ಕೊಟ್ಟ. ಒಳಗೆ ಒಡೆದ ಬಳೆಚೂರು ಅಲುಗಾಡಿದ ಹಾಗೆ ಸದ್ದು.

‘ಒಳಗ ಒಡದೈತ್ರಿ ಸರ. ಹೊಸಾದು ಹಾಕ್ಸಿದ್ರ ಭಾಳ ರೊಕ್ಕ ಆಗ್ತೈತಿ. ಅದನ್ನ ತಗದ್ ಒಗೀರಿ, ಸಾದಾ ಪೈಪ್ ವೆಲ್ಡಿಂಗ್ ಮಾಡಿ ಕೊಡ್ತೀನಿ, ಎರಡ ಸಾವಿರ. ಪಿಕಪ್ ಹೆಂಗ ಬರ್ತೈತಿ ನೋಡ್ರಿ.’

ಕಾರಿನ ಹುಡುಗ ನನ್ನ ಮುಖ ನೋಡಿದ. ನಾನು ನನ್ನ ಗಾಡಿಯ ಆಯಿಲ್ ಬದಲಿಸಲು ಬಂದವನು. ಆದರೆ ಆ ಮಾತು ಕೇಳಿ ಸುಮ್ನೆ ನಗು ಬಂತು. ಇದೇ ಮಾತನ್ನು ಇದೇ ಊರಲ್ಲಿ 1996ರಲ್ಲಿ ಕೇಳಿದ್ದೆ. ಆಗ ಗಾಡಿ ನಮ್ಮ ಕಾಕಾನದು. ಮುಂಬೈಯಲ್ಲಿ ನೌಕರಿಗಿದ್ದ ಗೆಳೆಯನಿಂದ ಕೊಂಡು ತಂದ ಮಾರುತಿ 800. ಪೆಟ್ರೋಲ್ ಮುಚ್ಚಳದ ಹತ್ತಿರ ‘ಸೀಸವಿಲ್ಲದ ಪೆಟ್ರೋಲ್ ಮಾತ್ರ’ ಅಂತ ಇಂಗ್ಲಿಷಿನಲ್ಲಿ ಒಂದು ಸ್ಟಿಕರ್ ಇತ್ತು. ಇಲ್ಲಿ ಕಾಕಾಗೆ ಸಿಗುತ್ತಿದ್ದದ್ದು ಸೀಸ ಇರುವ ಪೆಟ್ರೋಲ್ ಒಂದೇ. ಬೇರೆ ದಾರಿ ಇಲ್ಲದೆ ಅದನ್ನೇ ಹಾಕಿಸಿದರು. ಕೆಲವೇ ತಿಂಗಳಲ್ಲಿ ಗಾಡಿ ಏರಿನಲ್ಲಿ ಏದುಸಿರು ಬಿಡತೊಡಗಿತು. ಅಂದಿನ ಮಿಸ್ತ್ರಿಯೂ ಡಬ್ಬಿ ಕತ್ತರಿಸಿ ಪೈಪ್ ಬೆಸೆದ. ಗಾಡಿ ಓಡಿತು.

ಅವತ್ತಿನ ಮಿಸ್ತ್ರಿಯದು ಸರಿಯಾದ ಸಲಹೆಯೇ. ಆಮೇಲೆ ಪೆಟ್ರೋಲ್ ಬದಲಾಯಿತು, ಎಂಜಿನ್ ಬದಲಾಯಿತು, ಕಾನೂನೂ ಬದಲಾಯಿತು. ಸಲಹೆ ಮಾತ್ರ ಹಾಗೇ ಉಳಿದುಕೊಂಡಿತು.

ಆ ಡಬ್ಬಿಯ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್, ಬಾಯಲ್ಲಿ ಬರೀ ಕ್ಯಾಟ್. ಒಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಇರುತ್ತದೆ. ಒಂದು ಚದರ ಇಂಚಿಗೆ ಸಾಮಾನ್ಯವಾಗಿ ನಾನೂರು ತೂತು. ಇದನ್ನು ಮಾಡುವ ಕ್ರಮ ನಮ್ಮ ಅಡುಗೆಮನೆಯದೇ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತುವ ಹಾಗೆ ವಿಶೇಷ ಮಣ್ಣಿನ ಕಣಕವನ್ನು ಅಚ್ಚಿನೊಳಗಿಂದ ಒತ್ತಿ, ಒಣಗಿಸಿ ಸುಡುತ್ತಾರೆ. ಅಮೆರಿಕದ ಕಾರ್ನಿಂಗ್ ಕಂಪನಿಯ ಮೂವರು, ಬ್ಯಾಗ್ಲಿ, ಲ್ಯಾಕ್ಮನ್ ಮತ್ತು ಲೂಯಿಸ್, 1970ರ ದಶಕದ ಶುರುವಿನಲ್ಲಿ ಇದನ್ನು ಸಾಧಿಸಿದರು. ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ. ಎಲ್ಲಾ ಸೇರಿದರೂ ಕೆಲವೇ ಗ್ರಾಂ. ಎಂಜಿನ್ನಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಮತ್ತು ಉರಿಯದ ಪೆಟ್ರೋಲ್ ಆವಿ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತವೆ. ನೈಟ್ರೋಜನ್ ಆಕ್ಸೈಡುಗಳು ಮರಳಿ ಬರೀ ನೈಟ್ರೋಜನ್ ಆಗುತ್ತವೆ. ಆದರೆ ಡಬ್ಬಿ ಬಿಸಿಯಾಗದೆ ಕೆಲಸ ಶುರುವಾಗುವುದಿಲ್ಲ. ಸುಮಾರು 300 ಡಿಗ್ರಿ ಆಗುವ ತನಕ ಅದು ನಿದ್ದೆಯಲ್ಲೇ ಇರುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಗಾಡಿ ಚಾಲೂ ಮಾಡಿದಾಗ ಮೊದಲ ಒಂದೆರಡು ನಿಮಿಷ ಮೂಗಿಗೆ ಹೊಡೆಯುವ ವಾಸನೆ ಇದರದೇ.

ಕ್ಯಾಟ್ ಮೇಲಿನ ಸಿಟ್ಟಿನ ಮೂಲ ಹುಡುಕಿದರೆ ಸೀಸಕ್ಕೆ ಬಂದು ನಿಲ್ಲುತ್ತೇವೆ. 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಸೇರಿಸಿದರೆ ನಾಕಿಂಗ್, ಅಂದರೆ ಇಂಧನ ಹದ ತಪ್ಪಿ ಉರಿದು ಎಂಜಿನ್ ಕುಟ್ಟುವುದು, ನಿಲ್ಲುತ್ತದೆ ಎಂದು ಕಂಡುಹಿಡಿದ. ಅಗ್ಗದ ಉಪಾಯ, ಜಗತ್ತೆಲ್ಲ ಹಬ್ಬಿತು. ಲಾಸ್ ಏಂಜಲೀಸ್ ಊರು ಹೊಗೆಯಲ್ಲಿ ಮುಳುಗಿದಾಗ, ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದಿದ್ದ ಯೂಜೀನ್ ಹೌಡ್ರಿ ಎಂಬ ಎಂಜಿನಿಯರ್ ಕಾರಿಗೆ ಕ್ಯಾಟ್ ರೂಪಿಸಿದ. 1956ರಲ್ಲಿ ಪೇಟೆಂಟೂ ಸಿಕ್ಕಿತು. ಆದರೆ ಪೆಟ್ರೋಲಿನ ಸೀಸ ಆ ಲೋಹಗಳ ಮೇಲೆ ಕೂತು ಅವನ್ನು ಕೊಂದುಬಿಡುತ್ತಿತ್ತು. ಹೌಡ್ರಿಯ ಡಬ್ಬಿ ರಸ್ತೆಗೆ ಇಳಿಯಲೇ ಇಲ್ಲ. ನಮ್ಮ ಕಾಕಾನ ಗಾಡಿಗೆ ಆದದ್ದೂ ಇದೇ, ನಲವತ್ತು ವರ್ಷ ತಡವಾಗಿ.

ಅಮೆರಿಕ 1970ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಿಗಿ ಮಾಡಿತು. 1975ರ ಮಾದರಿಯ ಹೆಚ್ಚಿನ ಕಾರುಗಳಿಗೆ ಕ್ಯಾಟ್ ಬಂತು, ಜೊತೆಗೆ ಸೀಸವಿಲ್ಲದ ಪೆಟ್ರೋಲೂ ಬಂಕಿಗೆ ಬಂತು. ಅದೇ ಹೊತ್ತಿಗೆ ಅಲ್ಲಿನ ಕಾರುಗಳ ಶಕ್ತಿ ದಡಕ್ಕನೆ ಇಳಿದಂತೆ ಜನರಿಗೆ ಕಂಡಿತು. ನಿಜವಾದ ಕಾರಣ ಬೇರೆ ಇದ್ದವು. ಸೀಸವಿಲ್ಲದ ಪೆಟ್ರೋಲಿಗಾಗಿ ಕಂಪನಿಗಳು 1971ರಿಂದಲೇ ಎಂಜಿನ್ ಕಂಪ್ರೆಷನ್, ಅಂದರೆ ಒಳಗೆ ಇಂಧನವನ್ನು ಒತ್ತುವ ಪ್ರಮಾಣ, ಇಳಿಸಿದ್ದವು. 1972ರಲ್ಲಿ ಹಾರ್ಸ್‌ಪವರ್ ಅಳೆಯುವ ಕ್ರಮ ಬದಲಾಗಿ ಕಾಗದದ ಮೇಲಿನ ಅಂಕಿಯೇ ಕಡಿಮೆಯಾಗಿತ್ತು. ಇಷ್ಟಾದರೂ ಬೈಗುಳ ಬಿದ್ದದ್ದು ಹೊಸದಾಗಿ ಬಂದ ಡಬ್ಬಿಗೆ. ಪೂರ್ತಿ ಅನ್ಯಾಯ ಅಂತಲೂ ಹೇಳಲಾಗದು. ಆ ಕಾಲದ ಕೆಲವು ಕ್ಯಾಟುಗಳಲ್ಲಿ ಜೇನುಗೂಡಿನ ಬದಲು ಗುಂಡುಗಳನ್ನು ತುಂಬುತ್ತಿದ್ದರು, ಹೊಗೆ ಹೊರಗೆ ಬರಲು ಒದ್ದಾಡುತ್ತಿತ್ತು. ‘ಕ್ಯಾಟ್ ಅಂದರೆ ಗಾಡಿಯ ಗಂಟಲಿಗೆ ಕೈ’ ಎಂಬ ನಂಬಿಕೆ ಅಲ್ಲಿಂದ ಶುರು.

ನಮ್ಮ ದೇಶದ ಕಥೆ ಸುಪ್ರೀಂ ಕೋರ್ಟಿನಿಂದ ಆರಂಭ. ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ದೆಹಲಿಯ ವಾಹನಗಳ ಹೊಗೆಯ ವಿರುದ್ಧ ಅರ್ಜಿ ಹಾಕಿದರು. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟ್ ಕಡ್ಡಾಯವಾಯಿತು, ಸೀಸವಿಲ್ಲದ ಪೆಟ್ರೋಲೂ ಅಲ್ಲಿ ಸಿಗತೊಡಗಿತು. ದೇಶದ ಎಲ್ಲಾ ಬಂಕುಗಳಿಂದ ಸೀಸ ಹೋದದ್ದು 2000ದ ಫೆಬ್ರವರಿಯಲ್ಲಿ. ಅಂದರೆ ಸುಮಾರು ಐದು ವರ್ಷ ದೊಡ್ಡ ಊರುಗಳಿಗೊಂದು ಪೆಟ್ರೋಲ್, ಉಳಿದ ಊರುಗಳಿಗೊಂದು. ಗಾಡಿಗಳು ಮಾತ್ರ ನಗರದ ಗಡಿಯಲ್ಲಿ ನಿಲ್ಲುತ್ತವೆಯೇ? ಮುಂಬೈ ಗಾಡಿ ಬೆಳಗಾವಿಗೆ ಬರುವುದು ಎಷ್ಟೊತ್ತಿನ ಮಾತು.

ಈ ಹಿಂದು-ಮುಂದಿನ ಆಟ ಮುಂದೂ ನಡೆಯಿತು. 2010ರಲ್ಲಿ ಭಾರತ್ ಸ್ಟೇಜ್ 4 ಎಂಬ ಹೊಗೆ ಮತ್ತು ಇಂಧನದ ನಿಯಮ ಮೊದಲು ಬಂದ 13 ನಗರಗಳಲ್ಲಿ ಬೆಂಗಳೂರಿನ ಜೊತೆ ಸೊಲ್ಲಾಪುರವೂ ಇತ್ತು. ಸೊಲ್ಲಾಪುರದ ಪೆಟ್ರೋಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 50 ಪಾಲು ಮೀರುವಂತಿರಲಿಲ್ಲ. ಅಲ್ಲಿಂದ ನೂರು ಕಿಲೋಮೀಟರ್ ದೂರದ ವಿಜಯಪುರ ಸ್ಟೇಜ್ 3ರ ಪಟ್ಟಿಯಲ್ಲಿತ್ತು, ಅಲ್ಲಿ 150ರ ತನಕ ನಡೆಯುತ್ತಿತ್ತು. ಗಂಧಕ ಸೀಸದಷ್ಟು ಕ್ರೂರಿ ಅಲ್ಲ, ಆದರೆ ಕ್ಯಾಟಿನ ಚುರುಕನ್ನು ಮಂಕಾಗಿಸುತ್ತದೆ. ಇದರ ಮೇಲೆ ಚಿಮಣಿ ಎಣ್ಣೆಯ ಕಲಬೆರಕೆ ಬೇರೆ. ರೇಷನ್ನಿನ ನೀಲಿ ಎಣ್ಣೆ ಯಾವ ಟ್ಯಾಂಕಿಗೆ ಹೋಗುತ್ತಿತ್ತು ಎಂಬುದು ನಮ್ಮ ಕಡೆ ಯಾರಿಗೂ ಗುಟ್ಟಾಗಿರಲಿಲ್ಲ ಅಲ್ವಾ. ಹೀಗಿರುವಾಗ ಕ್ಯಾಟ್ ಅಂದರೆ ‘ದೊಡ್ಡ ಊರಿನ ಗಾಡಿಯ ಶೋಕಿ’ ಎಂದು ಮಿಸ್ತ್ರಿಗಳು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ಟೇಜ್ 4 ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲ್‌ನಲ್ಲಿ. ಐದನ್ನು ಹಾರಿ, 2020ರ ಏಪ್ರಿಲ್‌ನಲ್ಲಿ ಒಮ್ಮೆಲೇ ಸ್ಟೇಜ್ 6 ಬಂತು. ಈಗ ಗಂಧಕದ ಮಿತಿ 10. ಚೆನ್ನಮ್ಮ ವೃತ್ತದ ಪೆಟ್ರೋಲಿಗೂ ದೆಹಲಿಯ ಪೆಟ್ರೋಲಿಗೂ ಇರುವುದು ಒಂದೇ ಅಳತೆ.

ಹಾಗಾದರೆ ಇವತ್ತು ಕ್ಯಾಟ್ ತೆಗೆದರೆ ಪಿಕಪ್ ಬರುತ್ತದೆಯೇ? ಕಟ್ಟಿಕೊಂಡ ಕ್ಯಾಟ್ ತೆಗೆದರೆ ಖಂಡಿತ ಬರುತ್ತದೆ. ಮೂಗು ಕಟ್ಟಿದವನಿಗೆ ಮೂಗು ಬಿಟ್ಟ ಹಾಗೆ. ಮಿಸ್ತ್ರಿ ಸುಳ್ಳು ಹೇಳುತ್ತಿಲ್ಲ. ಚೆನ್ನಾಗಿರುವ ಕ್ಯಾಟ್ ತೆಗೆದರೆ ಮಾಮೂಲಿ ಕಾರಿನಲ್ಲಿ ಗೊತ್ತಾಗುವಷ್ಟು ಲಾಭ ಇಲ್ಲ. ಸದ್ದು ಜಾಸ್ತಿಯಾಗುತ್ತದೆ, ಸದ್ದು ಕೇಳಿ ವೇಗ ಬಂತು ಅನಿಸುತ್ತದೆ.

ಗಾಡಿಯವರು ಕೇಳಬೇಕಾದ ಪ್ರಶ್ನೆ ಒಂದೇ, ಅದು ಕೆಟ್ಟದ್ದು ಯಾಕೆ? ಕ್ಯಾಟ್ ತಾನಾಗಿ ಕೆಡುವುದು ಕಡಿಮೆ. ಕಿಡಿ ಹೊತ್ತಿಸುವ ಪ್ಲಗ್ ಅಥವಾ ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಕೈಕೊಟ್ಟು ಒಂದು ಸಿಲಿಂಡರ್ ಉರಿಯದೇ ಹೋದರೆ, ಹಸಿ ಪೆಟ್ರೋಲ್ ನೇರ ಕ್ಯಾಟಿಗೆ ಬಂದು ಅಲ್ಲಿ ಹೊತ್ತಿಕೊಳ್ಳುತ್ತದೆ. ನಮ್ಮ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕದ ಕಬ್ಬಿಣ ಕರಗುವುದು ಸುಮಾರು 1,200 ಡಿಗ್ರಿಗೆ. ಈ ಪಿಂಗಾಣಿ 1,400 ದಾಟುವ ತನಕ ತಡೆದುಕೊಳ್ಳುತ್ತದೆ. ಅಂಥದ್ದೂ ಹಸಿ ಪೆಟ್ರೋಲಿನ ಉರಿಗೆ ಕರಗಿ ಮುದ್ದೆಯಾಗುವುದುಂಟು. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಆ ಮಸಿಯೂ ಇಲ್ಲೇ ಬಂದು ಕೂರುತ್ತದೆ. ಕಾಯಿಲ್ ಸರಿ ಮಾಡದೆ ಕ್ಯಾಟ್ ತೆಗೆದರೆ ಜ್ವರ ಹಾಗೇ ಇರುತ್ತದೆ, ಥರ್ಮಾಮೀಟರ್ ಮಾತ್ರ ಕಿಟಕಿಯಿಂದಾಚೆ.

ಥರ್ಮಾಮೀಟರ್ ಎಂದದ್ದು ಸುಮ್ನೆ ಅಲ್ಲ. 1970ರ ದಶಕದ ಕೊನೆಗೆ ವೋಲ್ವೊ ಕಾರಿನಲ್ಲಿ, ಮೂರೂ ಬಗೆಯ ಹೊಗೆ ಹಿಡಿಯುವ ಕ್ಯಾಟ್ ಜೊತೆ ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್ ಬಂತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ನೋಡಿ ಹೇಳುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಹನಿಸುತ್ತದೆ. ಕಾಕಾನ ಕಾರ್ಬ್ಯುರೇಟರ್ ಗಾಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಈಗಿನ ಗಾಡಿಗಳಲ್ಲಿ ಕ್ಯಾಟಿನ ಮುಂದೊಂದು, ಹಿಂದೊಂದು ಸೆನ್ಸರ್. ಎರಡೂ ಒಂದೇ ಥರ ಏರಿಳಿಯತೊಡಗಿದರೆ ಕ್ಯಾಟ್ ಸತ್ತಿದೆ ಅಂತ ಅರ್ಥ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ಸ್ಕ್ಯಾನರ್ ಹಾಕಿದರೆ ಪಿ0420 ಎಂಬ ಕೋಡ್.

ಅದಕ್ಕೂ ನಮ್ಮವರ ಹತ್ತಿರ ಮದ್ದಿದೆ. ಹಿಂದಿನ ಸೆನ್ಸರಿಗೆ ಒಂದು ಉದ್ದನೆಯ ನಟ್ಟು ಸಿಕ್ಕಿಸಿ ಹೊಗೆಯಿಂದ ದೂರ ಸರಿಸುತ್ತಾರೆ. ಲ್ಯಾಪ್‌ಟಾಪ್ ಹಚ್ಚಿ ದೀಪವನ್ನೇ ಆರಿಸುವವರೂ ಇದ್ದಾರೆ. ಡಬ್ಬಿ ಕೊಯ್ದು, ಇಟ್ಟಿಗೆ ಕೆರೆದು ತೆಗೆದು, ಖಾಲಿ ಡಬ್ಬಿಯನ್ನು ಮತ್ತೆ ಬೆಸೆದು ಕೂರಿಸುವುದು ಇನ್ನೂ ಹಳೆಯ ಕೈಚಳಕ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊಗೆ ತಪಾಸಣೆಯಲ್ಲಿ ಮಾತ್ರ ಪಾರಾಗುವುದು ಕಷ್ಟ. ಸ್ಟೇಜ್ 4ರ ಪೆಟ್ರೋಲ್ ಕಾರು ನಿಂತಲ್ಲೇ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಶೇ 0.3 ದಾಟಬಾರದು. ಆದರೆ ಈ ತಪಾಸಣೆ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಇದು ನನಗೆ ಕಾಣುವ ದೊಡ್ಡ ಕಿಂಡಿ.

ಡೀಸೆಲ್ ಗಾಡಿಯ ಗೋಳು ಸ್ವಲ್ಪ ಬೇರೆ. ಸ್ಟೇಜ್ 6ರಿಂದ ಅವಕ್ಕೆ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಆ ಮಸಿಯನ್ನು ಗಾಡಿ ಆಗಾಗ ಸುಮಾರು 600 ಡಿಗ್ರಿಯಲ್ಲಿ ತಾನೇ ಸುಟ್ಟುಕೊಳ್ಳಬೇಕು. ದಿನಾ ಊರೊಳಗೇ ಕ್ಯಾಂಪಿನಿಂದ ಟಿಳಕವಾಡಿಗೆ ಹೋಗಿ ಬರುವ ಗಾಡಿಗೆ ಅಷ್ಟು ಬಿಸಿ ಸಿಗುವುದೇ ಇಲ್ಲ. ಹೆದ್ದಾರಿ ಹಿಡಿದು ಕಿತ್ತೂರಿನ ತನಕ ಒಂದೇ ಓಟ ಓಡಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಅದು ಗೊತ್ತಿಲ್ಲದೆ ಫಿಲ್ಟರನ್ನೇ ಕಿತ್ತು ಹಾಕಿಸಿಕೊಂಡವರಿದ್ದಾರೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕಂಪನಿ ಕೊಟ್ಟ ಗಾಡಿಯನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. 2019ರ ತಿದ್ದುಪಡಿಯ 182ಎ ಪ್ರಕಾರ, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೊಗೆಯ ಮಿತಿ ಮೀರಿದರೆ ಸೆಕ್ಷನ್ 190ರ ಅಡಿ 10,000 ರೂಪಾಯಿಯವರೆಗೆ ದಂಡವಿದೆ, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಗಮನಿಸಿ, ಸಿಕ್ಕಿಬೀಳುವುದು ಗಾಡಿಯ ಮಾಲೀಕ. ವೆಲ್ಡಿಂಗ್ ಮಾಡಿದವನ ಹೆಸರು ಯಾವ ಚಲನ್ನಿನಲ್ಲೂ ಬರುವುದಿಲ್ಲ.

ಈ ಕಥೆಗೆ ಕಳೆದ ಕೆಲವು ವರ್ಷಗಳಲ್ಲಿ ಹೊಸದೊಂದು ತಿರುವು ಸಿಕ್ಕಿದೆ. ಜಗತ್ತಿನಲ್ಲೆಲ್ಲ ಹೊಗೆಯ ನಿಯಮ ಬಿಗಿಯಾದಂತೆ, ನೈಟ್ರೋಜನ್ ಆಕ್ಸೈಡ್ ಹಿಡಿಯುವ ರೋಡಿಯಂಗೆ ಬೇಡಿಕೆ ಏರಿತು. ಅದು ಹೆಚ್ಚಾಗಿ ಸಿಗುವುದು ದಕ್ಷಿಣ ಆಫ್ರಿಕಾದಲ್ಲಿ. 2021ರ ಮಾರ್ಚ್ ಹೊತ್ತಿಗೆ ಒಂದು ಔನ್ಸಿಗೆ ಸುಮಾರು 29,000 ಡಾಲರ್, ಚಿನ್ನದ ಹದಿನೈದು ಪಟ್ಟಿಗೂ ಮೇಲೆ. ಆಮೇಲೆ ಇಳಿಯಿತು ನಿಜ. ಆದರೆ ಆ ಹೊತ್ತಿಗೆ ಡಬ್ಬಿಯೊಳಗೆ ಏನಿದೆ ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ಗುಜರಾತ್, ಮಹಾರಾಷ್ಟ್ರ, ದೆಹಲಿ ಕಡೆ ರಾತ್ರಿ ನಿಲ್ಲಿಸಿದ ಮಾರುತಿ ಈಕೊ ವ್ಯಾನುಗಳ ಸೈಲೆನ್ಸರುಗಳೇ ಮಾಯವಾಗತೊಡಗಿದವು. ಕಳ್ಳರಿಗೆ ಬೇಕಾದದ್ದು ಒಳಗಿನ ಪುಡಿ. ಆ ದಂಧೆಯಲ್ಲಿ ಅದಕ್ಕೆ ಹೆಸರು ಬರೀ ‘ಮಣ್ಣು’. ಬೆಳಗಾವಿಯಲ್ಲಿ ಮರಾಠಿಯ ಪ್ರಭಾವದಿಂದ ಗುಜರಿಗೆ ‘ಭಂಗಾರ’ ಅನ್ನುತ್ತಾರೆ. ಬಾಯಲ್ಲಿ ಆಡುವಾಗ ಭಂಗಾರ ಮತ್ತು ಬಂಗಾರ ಎರಡೂ ಒಂದೇ ಆಗಿ ಕೇಳುತ್ತವೆ. ಕ್ಯಾಟಿನ ಮಟ್ಟಿಗಂತೂ ಎರಡೂ ಸರಿ.

ಖಾನಾಪುರ ರಸ್ತೆಯ ಹುಡುಗ ನನ್ನ ಮಾತು ಕೇಳಿ, ಮೊದಲು ಸ್ಕ್ಯಾನರ್ ಹಾಕಿ ನೋಡಿ ಎಂದ. ಮೂರನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ ಬಂತು. ಕಾಯಿಲ್ ಹೋಗಿತ್ತು. ಮಿಸ್ತ್ರಿ ಒಪ್ಪಿಕೊಂಡ, ಹೊಸ ಕಾಯಿಲ್ ತರಿಸಲು ಫೋನೂ ಮಾಡಿದ. ಆದರೂ ಒಡೆದ ಡಬ್ಬಿಯ ವಿಷಯ ಉಳಿದೇ ಇತ್ತಲ್ಲ. ಹುಡುಗ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಕೇಳಿದ.

‘ಅಲ್ರೀ ಮಿಸ್ತ್ರಿ, ಪೈಪ್ ಹಾಕ್ಸಿದ್ನಿ ಅಂತ ತಿಳ್ಕೊಳ್ರಿ. ಈ ಹಳೇದನ್ನ ನಾ ಮನಿಗೆ ಒಯ್ಯಬೌದಲ್ಲ?’

ಮಿಸ್ತ್ರಿ ಪಾನಾ ಒರೆಸುತ್ತಾ ಬೇರೆ ಕಡೆ ನೋಡಿದ. ‘ಹಂಗಾದ್ರ ಎರಡ ಸಾವಿರಕ್ಕ ಆಗೂದಿಲ್ರಿ ಸರ.’