ಪಾಚಿ ಇಂಧನ ಮತ್ತು ಹೊಸ ಪೀಳಿಗೆಯ ಪರಮಾಣು ರಿಯಾಕ್ಟರ್: ಎರಡರ ತೊಡಕೂ ಒಂದೇ ಅಲ್ಲ

ಪರ್ಯಾಯ ಇಂಧನಗಳ ಅಧ್ಯಾಯ ಓದುವಾಗ ಈ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ, ಎರಡರ ಮುಂದೆಯೂ ‘ಭರವಸೆ ಇದೆ, ಆದರೆ ದುಬಾರಿ’ ಎಂದು ಬರೆದು ಮುಗಿಸುವವರೇ ಹೆಚ್ಚು. ಹಾಗೆ ಬರೆದರೆ ವಿಷಯದ ತಿರುಳೇ ತಪ್ಪಿಹೋಗುತ್ತದೆ. ಪಾಚಿಯ ತೊಡಕು ಇರುವುದು ಶಕ್ತಿಯ ಲೆಕ್ಕದಲ್ಲಿ: ಇಂಧನದಿಂದ ಸಿಗುವ ಶಕ್ತಿಯ ದೊಡ್ಡ ಪಾಲನ್ನು ಆ ಇಂಧನದ ತಯಾರಿಯೇ ನುಂಗಿಬಿಡುತ್ತದೆ. ಪರಮಾಣು ವಿದಳನದಲ್ಲಿ ಆ ಲೆಕ್ಕ ಎಂದೋ ಇತ್ಯರ್ಥವಾಗಿದೆ. ಅಲ್ಲಿ ಎಡವುತ್ತಿರುವುದು ಸ್ಥಾವರವನ್ನು ಹೇಳಿದ ಸಮಯಕ್ಕೆ, ಹೇಳಿದ ವೆಚ್ಚದಲ್ಲಿ ಕಟ್ಟುವ ಕೆಲಸ. ಇವು ಒಂದಕ್ಕೊಂದು ಬದಲಿಯೂ ಅಲ್ಲ. ಪಾಚಿ ಕೊಡುವುದು ವಿಮಾನಕ್ಕೂ ಹಡಗಿಗೂ ಬೇಕಾದ ದ್ರವ ಇಂಧನ, ರಿಯಾಕ್ಟರ್ ಕೊಡುವುದು ವಿದ್ಯುತ್ತು ಮತ್ತು ಶಾಖ.

ಪಾಚಿ

ಸೂಕ್ಷ್ಮ ಪಾಚಿಗೆ ಬೇರು, ಕಾಂಡಗಳ ಹಂಗಿಲ್ಲ. ಪ್ರತಿ ಕೋಶವೂ ದ್ಯುತಿಸಂಶ್ಲೇಷಣೆ ನಡೆಸುತ್ತದೆ. ಉಪ್ಪುನೀರಾದರೂ ನಡೆಯುತ್ತದೆ, ಫಲವತ್ತಾದ ಭೂಮಿ ಬೇಡ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಇದಕ್ಕೆಂದೇ ಒಂದು ಸಂಶೋಧನಾ ಕಾರ್ಯಕ್ರಮ ನಡೆಸಿತು. ಸುಮಾರು 3,000 ತಳಿಗಳನ್ನು ಸಂಗ್ರಹಿಸಿತು. ನ್ಯೂ ಮೆಕ್ಸಿಕೊದ ರಾಸ್ವೆಲ್‌ನಲ್ಲಿ ತೆರೆದ ಕೊಳಗಳಲ್ಲಿ ಬೆಳೆದಾಗ ಅತ್ಯುತ್ತಮ ದಿನಗಳಲ್ಲಿ ಚದರ ಮೀಟರಿಗೆ 50 ಗ್ರಾಂವರೆಗೆ ಪಾಚಿ ಸಿಕ್ಕಿತು. ಆದರೆ ರಾತ್ರಿಯ ಚಳಿ ಬಿಡಲಿಲ್ಲ, ಸರಾಸರಿ ದಿನಕ್ಕೆ 10 ಗ್ರಾಂ ಆಸುಪಾಸಿಗೆ ಇಳಿಯಿತು. ಜಾಹೀರಾತಿನಲ್ಲಿ ಬರುವುದು ಮೊದಲ ಸಂಖ್ಯೆ, ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯದು.

ಆ ಎರಡನೆಯ ಸಂಖ್ಯೆಯೂ ಕಡಿಮೆಯದ್ದೇನಲ್ಲ. ದಿನಕ್ಕೆ 10 ಗ್ರಾಂ ಎಂದರೆ ವರ್ಷಕ್ಕೆ ಹೆಕ್ಟೇರಿಗೆ 36 ಟನ್ ಒಣ ಪಾಚಿ. ಅದರ ಕಾಲುಭಾಗ ಎಣ್ಣೆ ಎಂದಿಟ್ಟುಕೊಂಡರೆ 9 ಟನ್. ಎಣ್ಣೆ ಬೆಳೆಗಳಲ್ಲಿ ಮುಂಚೂಣಿಯಲ್ಲಿರುವ ತಾಳೆ ಕೊಡುವುದು ಹೆಕ್ಟೇರಿಗೆ ಸುಮಾರು 4 ಟನ್. ಹಾಗಾದರೆ ಸೋಲು ಎಲ್ಲಿ?

ನೀರಿನಲ್ಲಿ. ಈ ಭಾಗವನ್ನು ನಿಧಾನವಾಗಿ ಓದಿ. ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿರುವ ಪಾಚಿ ಸುಮಾರು ಅರ್ಧ ಗ್ರಾಂ. ಒಂದು ಕಿಲೋ ಒಣ ಪಾಚಿಗೆ 2,000 ಲೀಟರ್ ನೀರನ್ನು ಸಂಸ್ಕರಿಸಬೇಕು. ಕೋಶದ ಗಾತ್ರ ಕೆಲವೇ ಮೈಕ್ರೋಮೀಟರ್, ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಮೇಲ್ಮೈಯ ಋಣ ವಿದ್ಯುದಾವೇಶದಿಂದ ಕೋಶಗಳು ಒಂದನ್ನೊಂದು ದೂರ ತಳ್ಳುತ್ತವೆ. ತಾವಾಗಿಯೇ ತಳಕ್ಕಿಳಿಯಲಿ ಎಂದು ಕಾದರೆ ಕೆಲಸ ಸಾಗದು. ರಾಸಾಯನಿಕ ಬೆರೆಸಿ ಗುಂಪುಗೂಡಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೂ ಕೈಗೆ ಬರುವುದು ಶೇ. 20ರಷ್ಟು ಘನಪದಾರ್ಥವಿರುವ ಹಸಿರು ಮುದ್ದೆ. ಅಂದರೆ ಒಂದು ಕಿಲೋ ಪಾಚಿಯ ಜೊತೆ ಇನ್ನೂ ನಾಲ್ಕು ಕಿಲೋ ನೀರು. ಒಂದು ಕಿಲೋ ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 2.6 ಮೆಗಾಜೂಲ್ ಬೇಕು, ನಾಲ್ಕು ಕಿಲೋಗೆ 10 ದಾಟುತ್ತದೆ. ಒಂದು ಕಿಲೋ ಒಣ ಪಾಚಿಯಲ್ಲಿ ಇರುವ ಶಕ್ತಿಯೇ ಸುಮಾರು 20 ಮೆಗಾಜೂಲ್. ಒಣಗಿಸುವಷ್ಟರಲ್ಲೇ ಅರ್ಧ ಶಕ್ತಿ ಖರ್ಚಾಯಿತು. ಕೊಳ ಕಲಕುವ ಚಕ್ರ, ಪಂಪು, ಗೊಬ್ಬರ, ಎಣ್ಣೆ ಬೇರ್ಪಡಿಸುವ ಕೆಲಸ ಇನ್ನೂ ಬಾಕಿ.

ಒಣಗಿಸದೆ, ಹಸಿ ಮುದ್ದೆಯನ್ನೇ ಒತ್ತಡದಲ್ಲಿ 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ ಕಚ್ಚಾ ತೈಲ ಮಾಡುವ ವಿಧಾನ ಬಂದಿದೆ. ಪಾಚಿ ಸಂಶೋಧನೆಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣ ಎನಿಸುವ ದಾರಿ ಇದೇ. ಆದರೆ ಪಾಚಿಯ ಪ್ರೋಟೀನಿನಲ್ಲಿರುವ ಸಾರಜನಕ ತೈಲಕ್ಕೂ ಸೇರಿಕೊಳ್ಳುತ್ತದೆ. ಅದನ್ನು ತೆಗೆಯಲು ಜಲಜನಕ ಬೇಕು.

ಜೀವಶಾಸ್ತ್ರದ ಕಡೆಯಿಂದಲೂ ಒಂದು ಗಂಟು ಇದೆ. ಸಾರಜನಕ ಸಿಗದಂತೆ ಉಪವಾಸ ಕೆಡವಿದರೆ ಪಾಚಿ ಎಣ್ಣೆಯನ್ನು ಕೂಡಿಡುತ್ತದೆ, ಆದರೆ ಬೆಳವಣಿಗೆ ಕುಂಠಿತವಾಗುತ್ತದೆ. ಎಕ್ಸಾನ್‌ಮೊಬಿಲ್ ಮತ್ತು ಸಿಂಥೆಟಿಕ್ ಜೀನೋಮಿಕ್ಸ್ ಕಂಪನಿಗಳು 2009ರಲ್ಲಿ ಕೈಜೋಡಿಸಿ, ಒಂದು ತಳಿಯ ಎಣ್ಣೆಯ ಪ್ರಮಾಣವನ್ನು ಶೇ. 20ರಿಂದ 40ಕ್ಕೂ ಮೇಲೆ ಏರಿಸಿದ್ದಾಗಿ 2017ರಲ್ಲಿ ಪ್ರಕಟಿಸಿದವು. ಬೆಳವಣಿಗೆ ಹೆಚ್ಚು ಕುಗ್ಗಿರಲಿಲ್ಲ. ಅಷ್ಟಾದರೂ 2023ರ ಹೊತ್ತಿಗೆ ಎಕ್ಸಾನ್ ಈ ಕೆಲಸದಿಂದ ಹಿಂದೆ ಸರಿಯಿತು. ಗೊಬ್ಬರದ ಪ್ರಶ್ನೆ ಬೇರೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2012ರ ವರದಿ, ಆ ದೇಶದ ಸಾರಿಗೆ ಇಂಧನದ ಶೇ. 5ರಷ್ಟನ್ನು, ಅಂದರೆ 3,900 ಕೋಟಿ ಲೀಟರನ್ನು, ಆಗಿನ ತಂತ್ರಜ್ಞಾನದಲ್ಲಿ ಪಾಚಿಯಿಂದ ಪಡೆಯಹೊರಟರೆ ನೀರು, ಸಾರಜನಕ, ರಂಜಕ, ಶಕ್ತಿಗಳ ಬೇಡಿಕೆ ತಾಳಿಕೆಗೆ ಮೀರುತ್ತದೆ ಎಂದಿತು.

ಪರಮಾಣು

ನಾಲ್ಕನೇ ಪೀಳಿಗೆಯ ರಿಯಾಕ್ಟರುಗಳ ಅಂತರರಾಷ್ಟ್ರೀಯ ವೇದಿಕೆ 2002ರಲ್ಲಿ ಆರು ವಿನ್ಯಾಸಗಳನ್ನು ಆರಿಸಿತು. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ವಿಷಯ ಗಮನಿಸಿ: ಆರರಲ್ಲಿ ಐದು ನೀರನ್ನು ಶೀತಕವಾಗಿ, ಅಂದರೆ ರಿಯಾಕ್ಟರಿನ ಶಾಖವನ್ನು ಹೊತ್ತೊಯ್ಯಲು, ಬಳಸುವುದಿಲ್ಲ. ಸೋಡಿಯಂ, ಸೀಸ, ಕರಗಿದ ಲವಣ, ಅನಿಲ, ಇವೇ ಅವುಗಳ ಶೀತಕಗಳು. 300 ಡಿಗ್ರಿ ದಾಟಿದ ನೀರು ಕುದಿಯದಂತೆ ತಡೆಯಲು ಇಂದಿನ ಬಹುಪಾಲು ರಿಯಾಕ್ಟರುಗಳಲ್ಲಿ ವಾತಾವರಣದ 150 ಪಟ್ಟು ಒತ್ತಡ ಹಾಕಬೇಕು. ಸೋಡಿಯಂ ಸಾಮಾನ್ಯ ಒತ್ತಡದಲ್ಲೇ 883 ಡಿಗ್ರಿಯವರೆಗೆ ಕುದಿಯುವುದಿಲ್ಲ.

ಸುರಕ್ಷತೆಯ ಚರ್ಚೆ ಅರ್ಥವಾಗಬೇಕಾದರೆ ಉಳಿಕೆ ಶಾಖ ಅರ್ಥವಾಗಬೇಕು. ಸರಪಳಿ ಕ್ರಿಯೆ ನಿಂತ ಕ್ಷಣದಲ್ಲೂ ವಿದಳನದ ಉತ್ಪನ್ನಗಳ ವಿಕಿರಣ ಕ್ಷಯದಿಂದ ಪೂರ್ಣ ಸಾಮರ್ಥ್ಯದ ಶೇ. 6–7ರಷ್ಟು ಶಾಖ ಬರುತ್ತಲೇ ಇರುತ್ತದೆ. 3,000 ಮೆಗಾವ್ಯಾಟ್ ಶಾಖದ ರಿಯಾಕ್ಟರಿನಲ್ಲಿ ಅದು ಸುಮಾರು 200 ಮೆಗಾವ್ಯಾಟ್. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪವಾದೊಡನೆ ಚಾಲನೆಯಲ್ಲಿದ್ದ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಸುನಾಮಿ ವಿದ್ಯುತ್ತನ್ನು ಕಸಿದುಕೊಂಡಾಗ ಈ ಶಾಖವನ್ನು ಹೊರಹಾಕಲಾಗದೆ ಇಂಧನ ಕರಗಿತು. ಆದ್ದರಿಂದ ಹೊಸ ವಿನ್ಯಾಸಕ್ಕೆ ಕೇಳಬೇಕಾದ ಮೊದಲ ಪ್ರಶ್ನೆ: ಪಂಪಿಲ್ಲದೆ, ವಿದ್ಯುತ್ತಿಲ್ಲದೆ, ಮನುಷ್ಯರ ಕೈ ಸೋಕದೆ ಇದು ತಣ್ಣಗಾಗುತ್ತದೆಯೇ?

ಚೀನಾದ ಶಿದಾವ್‌ವಾನ್‌ನ ಸ್ಥಾವರ ಇದಕ್ಕೆ ಹೌದು ಎಂದು ಉತ್ತರಿಸಿದೆ. ಅಲ್ಲಿ ಯುರೇನಿಯಂ ಇರುವುದು ಗಸಗಸೆ ಕಾಳಿನಷ್ಟು ಕಣಗಳಲ್ಲಿ. ಪ್ರತಿ ಕಣಕ್ಕೂ ಇಂಗಾಲ ಮತ್ತು ಸಿಲಿಕಾನ್ ಕಾರ್ಬೈಡಿನ ಪದರಗಳ ಲೇಪನವಿದ್ದು, ಸುಮಾರು 1,600 ಡಿಗ್ರಿಯವರೆಗೂ ಅದು ವಿಕಿರಣ ಪದಾರ್ಥವನ್ನು ಹೊರಬಿಡುವುದಿಲ್ಲ. ಇಂಥ ಸಾವಿರಾರು ಕಣಗಳು 6 ಸೆಂ.ಮೀ. ವ್ಯಾಸದ ಒಂದು ಗ್ರಾಫೈಟ್ ಗೋಲಿಯೊಳಗೆ. 2023ರಲ್ಲಿ ಚಾಲನೆಯಲ್ಲಿದ್ದಾಗಲೇ ಶೀತಲೀಕರಣವನ್ನು ಬೇಕೆಂದೇ ನಿಲ್ಲಿಸಿ ಪರೀಕ್ಷಿಸಿದರು. ರಿಯಾಕ್ಟರ್ ತಾನಾಗಿ ತಣಿಯಿತು. ನನ್ನ ಮಟ್ಟಿಗೆ ಇದು ಈ ಇಡೀ ಕ್ಷೇತ್ರದ ಅತ್ಯಂತ ಸಂತೋಷದ ಸುದ್ದಿ. ಆದರೆ 2012ರಲ್ಲಿ ಕಟ್ಟಲು ಆರಂಭಿಸಿದ ಈ 210 ಮೆಗಾವ್ಯಾಟ್ ಸ್ಥಾವರ ವಾಣಿಜ್ಯ ಉತ್ಪಾದನೆಗೆ ಬಂದದ್ದು 2023ರ ಡಿಸೆಂಬರಿನಲ್ಲಿ.

ತೊಡಕಿನ ಎಳೆ ಇಲ್ಲಿದೆ. ನೈಸರ್ಗಿಕ ಯುರೇನಿಯಂನಲ್ಲಿ ಸುಲಭವಾಗಿ ವಿದಳನವಾಗುವ 235 ಐಸೋಟೋಪು ಶೇ. 0.7 ಮಾತ್ರ, ಉಳಿದದ್ದನ್ನೂ ಪ್ಲುಟೋನಿಯಂ ಆಗಿಸಿ ಉರಿಸಬಲ್ಲ ವೇಗದ ರಿಯಾಕ್ಟರುಗಳ (ವೇಗದ ನ್ಯೂಟ್ರಾನುಗಳಿಂದ ನಡೆಯುವಂಥವು) ಚರಿತ್ರೆ ಏಳುಬೀಳಿನದು. ರಷ್ಯಾದ ಬಿಎನ್-600 1980ರಿಂದ ವಿದ್ಯುತ್ ಕೊಡುತ್ತಿದೆ. ಜಪಾನಿನ ಮೊಂಜು ರಿಯಾಕ್ಟರಿನಲ್ಲಿ 1995ರಲ್ಲಿ ಸೋಡಿಯಂ ಸೋರಿ ಬೆಂಕಿ ಹೊತ್ತಿತು. 2016ರಲ್ಲಿ ಅದನ್ನು ಮುಚ್ಚುವ ನಿರ್ಧಾರವಾಯಿತು. ಕಲ್ಪಾಕ್ಕಂನ 500 ಮೆಗಾವ್ಯಾಟ್ ರಿಯಾಕ್ಟರಿನ ನಿರ್ಮಾಣ ಶುರುವಾದದ್ದು 2004ರಲ್ಲಿ, ಇಂಧನ ತುಂಬಲು ಅನುಮತಿ ಸಿಕ್ಕಿದ್ದು 2024ರಲ್ಲಿ.

ಕಾರ್ಖಾನೆಯಲ್ಲಿ ತಯಾರಿಸಿ ತಂದು ಜೋಡಿಸುವ ಚಿಕ್ಕ ರಿಯಾಕ್ಟರುಗಳಿಂದ ವೆಚ್ಚ ತಗ್ಗುತ್ತದೆ ಎಂಬ ವಾದವಿದೆ. ಆದರೆ ಸಾಲಾಗಿ ಬೇಡಿಕೆ ಬಂದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿಯದೆ ಬೇಡಿಕೆ ಬರುವುದಿಲ್ಲ. ನೀರನ್ನೇ ಶೀತಕವಾಗಿ ಬಳಸುವ ನ್ಯೂಸ್ಕೇಲ್ ಕಂಪನಿಯ ಅಮೆರಿಕದ ಯೋಜನೆಯಲ್ಲಿ ಅಂದಾಜು ದರ ಮೆಗಾವ್ಯಾಟ್-ಗಂಟೆಗೆ 58 ಡಾಲರಿನಿಂದ 89 ಡಾಲರಿಗೆ ಏರಿ, 2023ರ ನವೆಂಬರಿನಲ್ಲಿ ಯೋಜನೆಯೇ ರದ್ದಾಯಿತು. ವಯೋಮಿಂಗ್‌ನ ಟೆರಾಪವರ್ ಕಂಪನಿಯ ರಿಯಾಕ್ಟರ್ ಯೋಜನೆಗೆ ಅಡ್ಡ ಬಂದದ್ದು ಇಂಧನ: ಅದಕ್ಕೆ ಬೇಕಾದ, 235 ಐಸೋಟೋಪಿನ ಪಾಲನ್ನು ಶೇ. 5ರಿಂದ 20ರವರೆಗೆ ಏರಿಸಿದ ಯುರೇನಿಯಂ ವಾಣಿಜ್ಯವಾಗಿ ಸಿಗುತ್ತಿದ್ದುದು ರಷ್ಯಾದಿಂದ ಮಾತ್ರ. ಉಕ್ರೇನ್ ಯುದ್ಧದ ನಂತರ ಆ ದಾರಿ ಮುಚ್ಚಿ, ಕನಿಷ್ಠ ಎರಡು ವರ್ಷ ತಡವಾಗುವುದೆಂದು ಕಂಪನಿ 2022ರಲ್ಲೇ ಹೇಳಿತು.

ತ್ಯಾಜ್ಯದ ಬಗ್ಗೆ ಒಂದು ಎಚ್ಚರಿಕೆ. ವೇಗದ ರಿಯಾಕ್ಟರುಗಳು ಸಾವಿರಾರು ವರ್ಷ ವಿಕಿರಣ ಸೂಸುವ ಭಾರ ಧಾತುಗಳನ್ನು ಉರಿಸಬಲ್ಲವು ಎಂಬುದು ನಿಜ. ಆದರೆ ಅದಕ್ಕಾಗಿ, ರಿಯಾಕ್ಟರಿನಲ್ಲಿ ಉರಿಸಿ ಹೊರತೆಗೆದ ಇಂಧನವನ್ನು ಮರುಸಂಸ್ಕರಿಸಬೇಕು. ಹಾಗೆ ಬೇರ್ಪಡುವ ಪ್ಲುಟೋನಿಯಂ ಬಾಂಬಿಗೂ ಬಳಕೆಯಾಗಬಲ್ಲದು ಎಂಬ ಆತಂಕ ಅದರ ಬೆನ್ನಿಗೇ ಬರುತ್ತದೆ. ವಿದಳನದ ಉತ್ಪನ್ನಗಳಂತೂ ಉಳಿದೇ ಉಳಿಯುತ್ತವೆ. ಫಿನ್‌ಲೆಂಡಿನವರು ಒನ್‌ಕಾಲೊದಲ್ಲಿ 400 ಮೀಟರಿಗೂ ಆಳದ ಬಂಡೆ ಕೊರೆದು ಕಟ್ಟಿರುವಂಥ ಭಂಡಾರ ಆಗಲೂ ಬೇಕಾಗುತ್ತದೆ.