ಟೊಳ್ಳು ಫೈಬರ್‌ನೊಳಗೆ ಗ್ಯಾಸ್: ಮಿಡ್-ಇನ್‌ಫ್ರಾರೆಡ್ ಲೇಸರ್ ಬಂದ ದಾರಿ

ಟೊಳ್ಳು ಫೈಬರ್ (ನಡುವೆ ಪೊಳ್ಳಾಗಿದ್ದು, ಆ ಪೊಳ್ಳಿನಲ್ಲೇ ಬೆಳಕನ್ನು ಒಯ್ಯುವ ಗಾಜಿನ ಎಳೆ) ಅಂದ ಕೂಡಲೇ ಈಗ ಹೆಚ್ಚಿನವರಿಗೆ ನೆನಪಾಗುವುದು ಇಂಟರ್ನೆಟ್. 2022ರಲ್ಲಿ ಮೈಕ್ರೋಸಾಫ್ಟ್, ಇಂಥ ಫೈಬರ್ ಮಾಡುವ ಬ್ರಿಟನ್ನಿನ ಲುಮೆನಿಸಿಟಿ ಕಂಪನಿಯನ್ನು ಕೊಂಡ ಮೇಲಂತೂ ಆ ಸುದ್ದಿಯೇ ಜಾಸ್ತಿ. ಆದರೆ ಇದೇ ಬಗೆಯ ಎಳೆಯೊಳಗೆ ಗ್ಯಾಸ್ ತುಂಬಿ ಲೇಸರ್ ಮಾಡುವವರೂ ಇದ್ದಾರೆ. ಒಬ್ಬರು ಅಸಿಟಿಲೀನ್ ಅನ್ನುತ್ತಾರೆ, ಇನ್ನೊಬ್ಬರು ಹೈಡ್ರೋಜನ್ ಬ್ರೋಮೈಡ್. ಒಬ್ಬರ ಬೆಳಕಿನ ಅಲೆಯುದ್ದ 3.1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಅಂದರೆ ಒಂದು ಮೈಕ್ರಾನ್), ಇನ್ನೊಬ್ಬರದ್ದು 4. ಹೊಸದಾಗಿ ಓದುವವರಿಗೆ ಎಲ್ಲಾ ಕಲಸುಮೇಲೋಗರ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ಈ ಬೆಳಕು ಯಾಕೆ ಬೇಕು? ನಮ್ಮ ಕಣ್ಣಿಗೆ ಕಾಣುವ ಕೆಂಪು ಸುಮಾರು 0.7 ಮೈಕ್ರಾನಿಗೆ ಮುಗಿಯುತ್ತದೆ. ಅದರಾಚೆ, ಮಿಡ್-ಇನ್‌ಫ್ರಾರೆಡ್ ಅನ್ನುವ ಕಾಣದ ಬೆಳಕಿನಲ್ಲಿ, 3ರಿಂದ 5 ಮೈಕ್ರಾನ್ ನಡುವೆ ಅನೇಕ ಅನಿಲಗಳ ಗುರುತು ಸಿಗುತ್ತದೆ. ಮೀಥೇನ್ 3.3ರ ಹತ್ತಿರ ಬೆಳಕನ್ನು ಹೀರುತ್ತದೆ, ಕಾರ್ಬನ್ ಡೈಆಕ್ಸೈಡ್ 4.3ರ ಹತ್ತಿರ. ಪೈಪ್‌ಲೈನಿನಲ್ಲಿ ಮೀಥೇನ್ ಸೋರುತ್ತಿದ್ದರೆ ಸರಿಯಾದ ಲೇಸರಿನಿಂದ ದೂರದಲ್ಲೇ ನಿಂತು ಪತ್ತೆ ಮಾಡಬಹುದು.

ಗ್ಯಾಸ್ ಲೇಸರ್, ಟೊಳ್ಳು ಕೊಳವೆ – ಕಥೆಯ ಈ ಎರಡೂ ತುದಿ 1964ರಲ್ಲಿ ಒಂದೇ ಕಡೆ ಇದ್ದವು. ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ ಆ ವರ್ಷ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿದರು. ಅದೇ ವರ್ಷ, ಅದೇ ಲ್ಯಾಬಿನ ಮಾರ್ಕಟಿಲಿ ಮತ್ತು ಶ್ಮೆಲ್ಟ್ಜರ್ ಟೊಳ್ಳು ಕೊಳವೆಯಲ್ಲಿ ಬೆಳಕು ಹೇಗೆ ಸಾಗುತ್ತದೆಂದು ಲೆಕ್ಕ ಹಾಕಿದರು. ಉತ್ತರ ಖುಷಿ ಕೊಡುವಂಥದ್ದಲ್ಲ. ಕೊಳವೆ ಸಣ್ಣದಾದಷ್ಟೂ, ಬಾಗಿದಷ್ಟೂ ಬೆಳಕು ಸೋರಿಹೋಗುತ್ತದೆ.

ಆಮೇಲಿನ ದಶಕಗಳಲ್ಲಿ ಗಟ್ಟಿ ಗಾಜಿನ ಫೈಬರ್ ಗೆದ್ದಿತು, ಗ್ಯಾಸ್ ಲೇಸರ್ ಹಳೇ ಕಾಲದ್ದು ಎಂಬ ಮಾತು ಬಂತು. ಆ ತೀರ್ಮಾನ ತುಸು ಬೇಗ ಆಯಿತು ಅನ್ನಿಸುತ್ತದೆ. ಯಾಕೆಂದರೆ ಮಾಮೂಲಿ ಸಿಲಿಕಾ ಗಾಜು 2.4 ಮೈಕ್ರಾನ್ ದಾಟಿದರೆ ತಾನೇ ಬೆಳಕನ್ನು ನುಂಗುತ್ತದೆ. 3 ಮೈಕ್ರಾನಿನ ಬೆಳಕು ಅದರಲ್ಲಿ ಒಂದು ಮೀಟರ್ ಕೂಡ ಬದುಕುವುದಿಲ್ಲ. 1970ರ ದಶಕದಲ್ಲಿ ಫ್ರಾನ್ಸಿನ ರೆನ್‌ನಲ್ಲಿ ಸಿಕ್ಕ ಫ್ಲೋರೈಡ್ ಗಾಜು ಇದಕ್ಕೊಂದು ದಾರಿ ತೋರಿಸಿತು. 2.8 ಮೈಕ್ರಾನಿನಲ್ಲಿ ಅದು ಇವತ್ತಿಗೂ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಆ ಗಾಜು ನಾಜೂಕು, ತೇವ ತಾಗಿದರೆ ತುದಿ ಹಾಳು. 4 ಮೈಕ್ರಾನಿನ ಆಚೆಗೆ ಅದರ ಕೈ ಸೋಲುತ್ತದೆ.

ಗಾಜು ಬೆಳಕನ್ನು ನುಂಗುತ್ತದೆ ಅಂದರೆ, ಬೆಳಕನ್ನು ಗಾಜಿನಿಂದ ದೂರ ಇಟ್ಟರಾಯಿತು, ಅಲ್ವಾ? ಬ್ರಿಟನ್ನಿನ ಭೌತವಿಜ್ಞಾನಿ ಫಿಲಿಪ್ ರಸೆಲ್ 1991ರಲ್ಲಿ ಇಂಥದ್ದೊಂದು ಯೋಚನೆ ಮಾಡಿದರು. 1999ರಲ್ಲಿ ಬಾತ್ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಟೊಳ್ಳು ಫೈಬರ್ ಮಾಡಿ ತೋರಿಸಿತು. 2002ರಲ್ಲಿ ಅಲ್ಲೇ ಬೆನಾಬಿದ್ ಮತ್ತು ಸಂಗಡಿಗರು ಅದರೊಳಗೆ ಹೈಡ್ರೋಜನ್ ತುಂಬಿದರು. ಅಲ್ಲಿ ಕೆಲಸ ಮಾಡಿದ್ದು ರಾಮನ್ ಪರಿಣಾಮ, ಅಂದರೆ ಅಣುವಿಗೆ ತಾಗಿ ಚದುರಿದ ಬೆಳಕು ಬೇರೆ ಬಣ್ಣಕ್ಕೆ ತಿರುಗುವುದು. ಸಿ.ವಿ. ರಾಮನ್ ಆ ಹೊಸ ಬೆಳಕಿನ ಬಗ್ಗೆ 1928ರ ಮಾರ್ಚ್ 16ರಂದು ಭಾಷಣ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ.

ನಿಜವಾದ ತಿರುವು 2011ರದ್ದು. ಅಮೆರಿಕದ ಕಾನ್ಸಾಸ್ ಸ್ಟೇಟ್ ಮತ್ತು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಗಳವರು ಸೇರಿ ಟೊಳ್ಳು ಫೈಬರಿಗೆ ಅಸಿಟಿಲೀನ್ ತುಂಬಿದರು. ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುವ, ಕಾರ್ಬೈಡ್ ಹಾಕಿ ಮಾವು ಹಣ್ಣು ಮಾಡುವಾಗ ಹೊರಬರುವ ಅದೇ ಗ್ಯಾಸ್. ಅದು 1.5 ಮೈಕ್ರಾನಿನ ಬೆಳಕನ್ನು ಹೀರಿಕೊಂಡು 3.1ರ ಸುತ್ತ ಬಿಡುತ್ತದೆ. ಇದರ ಚಂದ ನೋಡಿ: 1.5 ಅಂದರೆ ಟೆಲಿಫೋನ್ ಫೈಬರಿನ ಬೆಳಕು. ಅದಕ್ಕೆ ಬೇಕಾದ ಡಯೋಡ್, ಆಂಪ್ಲಿಫೈಯರ್ ಎಲ್ಲವೂ ಮಾರುಕಟ್ಟೆಯಲ್ಲಿ ಸಿದ್ಧವಾಗಿವೆ. ಆದರೆ ಅವರ ಕೈಯಲ್ಲಿದ್ದ ಫೈಬರ್ 3 ಮೈಕ್ರಾನಿನಲ್ಲಿ ತುಂಬಾ ಸೋರುತ್ತಿತ್ತು. ಗ್ಯಾಸ್ ತನ್ನ ಕೆಲಸ ಮಾಡಿತ್ತು, ಎಳೆ ಇನ್ನೂ ಹಿಂದೆ ಇತ್ತು.

ಆ ಕೊರತೆ ನೀಗಿದ್ದು ಒಂದು ಸರಳ ಆಕಾರದಿಂದ. ನಡುವಿನ ಟೊಳ್ಳಿನ ಸುತ್ತ ತೆಳ್ಳಗಿನ ಗಾಜಿನ ಕೊಳವೆಗಳನ್ನು ಬಳೆಯಂತೆ ಜೋಡಿಸುವುದು. ಕೊಳವೆಯ ಗೋಡೆ ಸರಿಯಾದ ದಪ್ಪಕ್ಕಿದ್ದರೆ ಬೆಳಕು ಒಳಕ್ಕೇ ವಾಪಸು ಬರುತ್ತದೆ. ಗಾಜಿಗೆ ತಾಗುವ ಬೆಳಕು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಮಾಸ್ಕೋದ ಪ್ರಿಯಾಮಿಕೋವ್ ಮತ್ತು ಜೊತೆಗಾರರು 2011ರಲ್ಲಿ ಇಂಥ ಎಳೆಯಲ್ಲಿ 3.5 ಮೈಕ್ರಾನಿನಾಚೆಯ ಬೆಳಕನ್ನು ಸಾಗಿಸಿದರು. ಮರುವರ್ಷ ಬಾತ್‌ನವರು 3.05 ಮೈಕ್ರಾನಿನಲ್ಲಿ ನಷ್ಟವನ್ನು ಕಿಲೋಮೀಟರಿಗೆ 34 ಡೆಸಿಬೆಲ್‌ಗೆ ಇಳಿಸಿದರು. ಅಂದರೆ ಸುಮಾರು 90 ಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಒಂದು ಮೀಟರ್ ದಾಟದಿದ್ದ ಅದೇ ಸಿಲಿಕಾದಲ್ಲಿ! 2016ರಲ್ಲಿ ಬಾತ್‌ನಲ್ಲೇ ಡಯೋಡ್ ಲೇಸರಿನಿಂದ ನಡೆಯುವ ಅಸಿಟಿಲೀನ್ ಫೈಬರ್ ಲೇಸರ್ ಬಂತು. ಮರುವರ್ಷ ಅಸಿಟಿಲೀನ್ ಎಳೆಯಿಂದ ಹೊರಬಂದ ಬೆಳಕಿನ ಶಕ್ತಿ ಒಂದು ವ್ಯಾಟ್ ಮುಟ್ಟಿತು.

ಅಲ್ಲಿಂದ ಈಚೆಗೆ ವೇಗ ಹೆಚ್ಚಾಯಿತು. ಮಾಸ್ಕೋದಲ್ಲಿ ಹೈಡ್ರೋಜನ್‌ನಿಂದ 4.4 ಮೈಕ್ರಾನ್, ಚೀನಾದ ಚಾಂಗ್ಶಾದಲ್ಲಿ ಹೈಡ್ರೋಜನ್ ಬ್ರೋಮೈಡ್‌ನಿಂದ 4 ಮೈಕ್ರಾನಿನ ಸುತ್ತ. ಗ್ಯಾಸ್ ಬದಲಿಸಿದರೆ ಬಣ್ಣ ಬದಲಾಗುತ್ತದೆ. ನನಗೆ ಈ ದಾರಿ ಇಷ್ಟವಾಗುವುದು ಇದಕ್ಕೇ.

ಆದರೂ ವ್ಯಾಟ್‌ಗಳ ಲೆಕ್ಕ ಮಾತ್ರ ನೋಡಿದರೆ ಸಾಲದು. ಅಸಿಟಿಲೀನಿಗೆ ಕೊಟ್ಟ ಶಕ್ತಿಯಲ್ಲಿ ಅರ್ಧದಷ್ಟು ಅಣುವಿನಲ್ಲೇ ಉಳಿದು, ಬಿಸಿಯಾಗಿ ಹೋಗುತ್ತದೆ. ಪಂಪ್ ಲೇಸರ್, ಅಂದರೆ ಗ್ಯಾಸಿಗೆ ಶಕ್ತಿ ಕೊಡುವ ಲೇಸರ್, ಆ ಗ್ಯಾಸ್ ಹೀರುವ ಅಲೆಯುದ್ದದ ಸಣ್ಣ ಗೆರೆಗೆ ಕರಾರುವಾಕ್ಕಾಗಿ ಕೂರಬೇಕು. ಹೈಡ್ರೋಜನ್ ಬ್ರೋಮೈಡ್ ಲೋಹವನ್ನು ತಿನ್ನುವ ಅನಿಲ. ಎಲ್ಲಕ್ಕಿಂತ ಕಷ್ಟ ಎಳೆಯ ಎರಡು ತುದಿಗಳದ್ದು. ಎಷ್ಟೋ ಪ್ರಯೋಗಗಳಲ್ಲಿ ತುದಿಗಳು ಕಿಟಕಿಯಿರುವ ಲೋಹದ ಡಬ್ಬಿಯೊಳಗೆ ಕೂತಿರುತ್ತವೆ, ಬೆಳಕನ್ನು ಲೆನ್ಸ್ ಇಟ್ಟು ಒಳಗೆ ಗುರಿ ಹಿಡಿಯಬೇಕು. ಅಂಥದ್ದನ್ನು ಮೇಜಿನಿಂದ ಎತ್ತಿ ಪೈಪ್‌ಲೈನ್ ಪಕ್ಕಕ್ಕೆ ಒಯ್ಯುವುದು ಸುಮ್ನೆ ಆಗುವ ಕೆಲಸವಲ್ಲ. ಟೊಳ್ಳು ಎಳೆಯನ್ನು ಗಟ್ಟಿ ಎಳೆಗೆ ನೇರವಾಗಿ ಬೆಸೆದು, ಗ್ಯಾಸನ್ನು ಒಳಗೇ ಮುಚ್ಚಿಡುವ ಪ್ರಯತ್ನಗಳು ನಡೆಯುತ್ತಿವೆ. ಹೊಸ ದಾಖಲೆಯ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಆ ಬೆಸುಗೆಯನ್ನೇ.