ಕೋಸಾ ಕಲಿಕೆ: ಮಾತ್ರೆಗೆ 'ಇ', ಔಷಧಿಗೆ 'ಲಿ' ಯಾಕೆ?

ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನಲ್ಲಿರುವ ರೋಡ್ಸ್ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ, ಕಾನೂನು, ಪತ್ರಿಕೋದ್ಯಮ ಓದುವವರಿಗೆ ಅವರವರ ಕೆಲಸಕ್ಕೆ ಬೇಕಾದ ಕೋಸಾ ಭಾಷೆ ಕಲಿಸುತ್ತಾರೆ. ಅಲ್ಲಿ ಔಷಧಿ ಕೇಳಿಕೊಂಡು ಬರುವ ಬಹಳ ಜನರ ಮನೆಮಾತು ಅದೇ. ಹಾಗಾಗಿ ನಾನೂ ಔಷಧಿ ಅಂಗಡಿಯ ವಾಕ್ಯಗಳನ್ನೇ ಅಭ್ಯಾಸಕ್ಕೆ ಹಿಡಿದೆ. ಎರಡನೇ ವಾಕ್ಯಕ್ಕೇ ಎಡವಿದೆ.

ಕೋಸಾದ ಕ್ಲಿಕ್ ಸದ್ದುಗಳಿಗೆ ಸುಮ್ನೆ ಹೆದರಬೇಡಿ. ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. 'ಅಯ್ಯೋ ಪಾಪ' ಅನ್ನುವಾಗ ಲೊಚಗುಟ್ಟುತ್ತೇವಲ್ಲ, ಅದು 'ಸಿ'. ಎತ್ತು ಹೊಡೆಯುವಾಗ ಕೆನ್ನೆಯ ಪಕ್ಕದಿಂದ ಹೊರಡುವ ಸದ್ದು 'ಎಕ್ಸ್'. ಬಿರಡೆ ಕಿತ್ತ ಹಾಗೆ ಬರುವುದು 'ಕ್ಯೂ'. ಕೆಳಗಿನ 'ಫ' ಮಾತ್ರ ನಮ್ಮ ಮಹಾಪ್ರಾಣದ್ದು, ಫ್ಯಾನ್‌ನದ್ದಲ್ಲ.

ಈಗ ನನ್ನ ಗೋಳು. ಹುಡುಗ ಬಂದನು, ಹುಡುಗಿ ಬಂದಳು, ನಾಯಿ ಬಂದಿತು: ಕನ್ನಡದಲ್ಲಿ ನಾಮಪದ ನೋಡಿ ಕ್ರಿಯಾಪದದ ಬಾಲ ಬದಲಾಗುತ್ತದೆ. ಕೋಸಾದಲ್ಲಿ ತಲೆ ಬದಲಾಗುತ್ತದೆ. ಗಂಡು ಹೆಣ್ಣು ಲೆಕ್ಕಕ್ಕಿಲ್ಲ, ನಾಮಪದ ಯಾವ ಗುಂಪಿನದು ಅನ್ನುವುದಷ್ಟೇ ಮುಖ್ಯ. ಅದರ ಮೊದಲ ತುಂಡು ನೋಡಿದರೆ ಗುಂಪು ಗೊತ್ತಾಗುತ್ತದೆ ಅಂದುಕೊಂಡೆ.

'ಇಪಿಲೀಸಿ' ಅಂದರೆ ಮಾತ್ರೆ. 'ಇಪಿಲೀಸಿ ಇಫೆಲೀಲೆ', ಮಾತ್ರೆ ಮುಗಿದಿದೆ. 'ಇಯೇಜಾ' ಅಂದರೆ ಔಷಧಿ. ಅದೂ 'ಇ'ಯಿಂದಲೇ ಶುರು, ಅಲ್ವಾ? ಹಾಗಾಗಿ 'ಇಯೇಜಾ ಇಫೆಲೀಲೆ' ಎಂದು ಬರೆದೆ. ತಪ್ಪು! 'ಇಯೇಜಾ ಲಿಫೆಲೀಲೆ' ಆಗಬೇಕು. ಈ 'ಲಿ' ಎಲ್ಲಿಂದ ಬಂತೆಂದು ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ.

ಇಯೇಜಾದ ಗುಂಪಿನ ಪೂರ್ತಿ ತಲೆ 'ಇಲಿ'. (ನಮ್ಮ ಇಲಿ ಅಲ್ಲ, ಆದರೆ ನೆನಪಿಡಲು ಅದೇ ಸಾಕು.) ಉದ್ದ ಪದಗಳಲ್ಲಿ 'ಲಿ' ಉದುರಿ 'ಇ' ಮಾತ್ರ ಉಳಿದಿದೆ. ಚಿಕ್ಕ ಪದಗಳಲ್ಲಿ ಇನ್ನೂ ಇದೆ: 'ಇಲೀಜ್ವೆ', ಅಂದರೆ ದೇಶ. ನಾಮಪದದಲ್ಲಿ ಕಾಣದ 'ಲಿ' ಕ್ರಿಯಾಪದದಲ್ಲಿ ತಲೆ ಹಾಕುತ್ತದೆ, ಇಲಿ ಬಿಲದಿಂದ ಇಣುಕಿದ ಹಾಗೆ.

ಅನುಮಾನ ಬಂದರೆ ಬಹುವಚನ ಮಾಡಿ ನೋಡಿ. 'ಅಮ' ಬಂದರೆ ಏಕವಚನಕ್ಕೆ 'ಲಿ': ಅಮಯೇಜಾ, ಅಮಾಜ್ವೆ. ದೀರ್ಘ 'ಈ' ಬಂದರೆ 'ಇ': ಈಪಿಲೀಸಿ. ಅಂದಿನಿಂದ ಪ್ರತಿ ಪದವನ್ನೂ ಬಹುವಚನದ ಜೊತೆಗೇ ಬರೆದುಕೊಳ್ಳುತ್ತಿದ್ದೇನೆ.

ಪಾಠ ಕಲಿಸುವುದರ ಜೊತೆಗೆ ಭಾಷೆಯನ್ನು ಬೆಳೆಸುವ ಕೆಲಸವೂ ಆ ವಿಶ್ವವಿದ್ಯಾಲಯದಲ್ಲಿ ನಡೆದಿದೆ. 2017ರಲ್ಲಿ ಹ್ಲೇಜೆ ಕುಂಜು ಎಂಬ ಸಂಶೋಧಕರು ರೋಡ್ಸ್‌ನಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧವನ್ನು ಕೋಸಾದಲ್ಲೇ ಬರೆದರು. ಹಾಗೆ ಬರೆಯಲು ಹೊಸ ಪದಗಳು ಬೇಕು, ಪ್ರತಿ ಹೊಸ ಪದಕ್ಕೂ ಒಂದು ಗುಂಪು ಬೇಕು. ಕಂಪ್ಯೂಟರ್ 'ಇಖೊಂಪ್ಯೂಥಾ' ಆಗಿ ಮಾತ್ರೆಯ ಗುಂಪಿಗೇ ಸೇರಿತು. ಎರವಲು ಪದ ಕಂಡರೆ ನಾನು ಮೊದಲು ಊಹಿಸುವುದೂ ಅದನ್ನೇ.

ಇನ್ನೊಂದು ತೊಡಕು ಬಾಕಿ ಇದೆ. 'ಉಮ್ನ್ತು' ಮನುಷ್ಯ, 'ಉಮ್ಥಿ' ಮರ. ಎರಡಕ್ಕೂ ಕ್ರಿಯಾಪದದ ತಲೆ 'ಉ'. ಬಹುವಚನ ಮಾತ್ರ 'ಅಬಾನ್ತು', 'ಇಮೀಥಿ'. ಆ ಮರಗಳಿಗೆ ಬರುವ ತಲೆ ಮತ್ತೆ ಅದೇ 'ಇ', ಒಂದು ಮಾತ್ರೆಗೆ ಬಂದದ್ದು!